ಎರಡು ಬೆರಳಿನ ಸದ್ದು

ಹಾಂಗ್‌ಕಾಂಗ್‌ನ ಒಂದು ಚಹಾ ಹೋಟೆಲು ಬೆಳಿಗ್ಗೆ ಏಳಕ್ಕೇ ತುಂಬಿತ್ತು. ಬೇರೆ ಜಾಗ ಸಿಗದೆ ಸುಯಿ-ಹಾನ್ ಗುರುತಿಲ್ಲದ ತಾಯಿ-ಮಗಳ ಮೇಜಿನಲ್ಲೇ ಕೂತು ಸಿಗಡಿ ಕಡುಬು ತಿನ್ನುತ್ತಿದ್ದಳು. ಮಗಳು ತಾಯಿಯ ಬಟ್ಟಲಿಗೆ ಚಹಾ ಸುರಿದಳು.

“ಎಪ್ಪತ್ತೆರಡನೇ ವಯಸ್ಸಲ್ಲಿ ಆ ಚಿಯು ಮುದುಕನ್ನ ಮದುವೆ ಆಗ್ತೀಯಾ? ತೀರಿಹೋದ ಅಪ್ಪನ ಮರ್ಯಾದೆ ಏನಾಗ್ಬೇಕಮ್ಮಾ?”

“ನಿಮ್ಮಪ್ಪಂಗೆ ನಲ್ವತ್ತು ವರ್ಷ ಟೀ ಹಾಕ್ದೆ ಪುಯಿ-ಲಿನ್. ಎಲ್ರೂ ಮಾಡೋ ಹಾಗೆ ಎರಡು ಬೆರಳಲ್ಲಿ ಮೇಜು ತಟ್ಟಿ ಉಪಕಾರ ಆಯ್ತು ಅಂತ ಒಂದಿನಾನೂ ತೋರಿಸ್ಲಿಲ್ಲ.”

“ಈಗ ನಾನ್ ಹಾಕಿದ್ದಕ್ಕೆ ನೀನೂ ತಟ್ಟಲಿಲ್ವಲ್ಲ!”

“ನೀನು ಹಾಕಿದ್ದು ನನ್ನ ಬಾಯಿ ಮುಚ್ಚಿಸೋಕೆ. ಅದಕ್ಯಾಕೆ ತಟ್ಟಲಿ?”

ತಾಯಿ ತುಂಬಿದ ಬಟ್ಟಲು ಬಿಟ್ಟು ಎದ್ದು, ಮೂಲೆಯ ಮೇಜಿನಲ್ಲಿ ಒಬ್ಬನೇ ಕೂತಿದ್ದ ಚಿಯು ಮುದುಕನ ಎದುರು ಕೂತಳು. ಅವನಿಗೆ ಚಹಾ ಸುರಿದಳು. ಟಕ್ ಟಕ್ ಎಂದು ಅವನು ಮೇಜು ತಟ್ಟಿದ.

ತಾಯಿ ಅಲ್ಲಿಂದಲೇ ಮಗಳಿಗೆ ಕೂಗಿ ಕೇಳಿದಳು: “ಕೇಳಿಸ್ತೇನೇ?”