ಅಳಿಯನ ವಾಚು

ಹೊನ್ನಾಳಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಗಂಡ ಹೆಂಡತಿ ಕುಳಿತಿದ್ದರು. ನ್ಯಾಮತಿಯಲ್ಲಿ ಅವತ್ತು ಮಗಳ ನಿಶ್ಚಿತಾರ್ಥವಂತೆ. ಹುಡುಗನಿಗೆ ಕಟ್ಟಬೇಕಾದ ವಾಚು ಗಂಡನ ಅಂಗೈಯಲ್ಲಿತ್ತು.

"ಉದ್ದನೆ ಸೆಕೆಂಡ್ ಮುಳ್ಳು ನಿಂತೇ ಐತಲ್ರೀ."

"ಅದು ಹಂಗೇ, ಕಸ್ತೂರಿ. ಬಟನ್ ಒತ್ತಿದ್ರೆ ಮಾತ್ರ ಓಡ್ತೈತೆ. ರೇಸಿನ ಟೈಮ್ ನೋಡಾಕಂತೆ."

"ನಮ್ಮ ಅಳಿಯ ಯಾವ ರೇಸಿಗೆ ಹೋಗ್ತಾನೆ?"

"ನಂಗೇನು ಗೊತ್ತು? ಇಂಥದ್ದೇ ಹಳೇ ವಾಚು ಬೇಕು ಅಂದ, ಹುಡುಕಿ ತಂದೆ."

"ಹೊಸ ಸೆಲ್ ಹಾಕಿಸಿದ್ರಾ?"

"ರಿಪೇರಿಯವನು ಬಿಚ್ಚಿ ನೋಡಿದ. ಇದಕ್ಕೆ ಸೆಲ್ಲೇ ಇಲ್ಲ ಅಂದ."

"ಅಯ್ಯೋ, ಮಾರಿದವನು ಕಿತ್ಕೊಂಡಾನೆ!"

"ಅಲ್ಲ ಮಾರಾಯ್ತಿ, ಕೈ ಆಡಿದ್ರೆ ತಾನೇ ಓಡ್ತೈತಂತೆ. ಸುಮ್ನೆ ಇಟ್ರೆ ನಿಲ್ತೈತಂತೆ. ಸರ್ವಿಸ್ ಮಾಡದೆ ಗ್ಯಾರಂಟಿ ಹೇಳಾಕಾಗಲ್ಲ ಅಂದ."

"ಬೀಗರ ಮುಂದೆ ಕಟ್ಟುವಾಗ ನಿಂತಿದ್ರೆ? ಅಪಶಕುನ ಅಂತಾರೆ."

ಆತ ವಾಚನ್ನು ಕಿವಿಗೆ ಹಿಡಿದು ಕುಳಿತ.

"ಕೊಡ್ರಿ ಇಲ್ಲಿ. ನ್ಯಾಮತಿವರೆಗೂ ನಾನೇ ಕಟ್ಕೊಂಡು ಕೈ ಆಡಿಸ್ತೀನಿ."

ಬಸ್ ಬಂತು. ಅವರು ಹತ್ತಿದರು. ಬಸ್ ತಿರುಗುವಾಗ ಕಿಟಕಿಯಾಚೆ ವಾಚು ಕಟ್ಟಿದ ಆಕೆಯ ಕೈ ಒಂದೇ ಸಮನೆ ಬೀಸುತ್ತಿತ್ತು. ನಿಲ್ದಾಣದಲ್ಲಿ ಹೂವು ಮಾರುವಾಕೆ ಯಾರೆಂದು ತಿಳಿಯದೆ ಕಣ್ಣು ಕಿರಿದಾಗಿಸಿ ನೋಡಿ, ಕೊನೆಗೆ ತಾನೂ ಕೈ ಬೀಸಿ ಬೀಳ್ಕೊಟ್ಟಳು.