ಅಪ್ಪನ ಚೆಂಡಿನ ಓಟ

ರಿಪೇರಿ ಅಂಗಡಿಯ ಬೆಂಚಿನ ಮೇಲೆ ದರ್ಜಿ ಹೆಂಗಸೊಬ್ಬಳು ತನ್ನ ಹೊಲಿಗೆ ಯಂತ್ರದ ಮೋಟಾರಿಗಾಗಿ ಕಾಯುತ್ತಿದ್ದಳು. ಪಕ್ಕದಲ್ಲಿ ಅಕ್ಕ, ತಮ್ಮ. ಇಬ್ಬರ ನಡುವೆ ಹಳದಿಗಟ್ಟಿದ ಹಳೇ ಕಂಪ್ಯೂಟರು ಕೂಸಿನಂತೆ ಕೂತಿತ್ತು. ಪರರ ಮಾತಿಗೆ ಕಿವಿಗೊಡಬಾರದೆಂದು ದರ್ಜಿಗೆ ಗೊತ್ತು. ಆದರೆ ಅವಳ ಕಿವಿಗೆ ಗೊತ್ತಿರಬೇಕಲ್ಲ!

“ಮೆಮೊರಿ ಹೆಚ್ಚು ಹಾಕಿದ್ದು ಸರಿ ಕಣೋ. ಮೇಜು ದೊಡ್ಡದಾದ ಹಾಗೆ, ಕೆಲಸ ಹರಡಿಕೊಳ್ಳೋಕೆ ಜಾಗ ಆಯ್ತು. ಪ್ರೊಸೆಸರ್ ಯಾಕೆ ಬದಲಾಯಿಸಿದೆ?”

“ತೆವಳ್ತಿತ್ತಲ್ಲಕ್ಕಾ. ಅಮ್ಮಂಗೆ ಖುಷಿಯಾಗ್ಲಿ ಅಂತ ವೇಗದ್ದು ಹಾಕ್ದೆ.”

“ಅಪ್ಪ ಹೋದ ಮೇಲೆ, ಅವರೇ ಈ ಕಂಪ್ಯೂಟರಿಗೆ ಬರೆದ ಚೆಂಡಿನ ಆಟ ಒಂದೇ ತಾನೆ ಅಮ್ಮ ಆಡೋದು? ಈಗ ಚೆಂಡು ಕಣ್ಣಿಗೇ ಬೀಳಲ್ಲ. ಕೀ ಒತ್ತೋಷ್ಟರಲ್ಲಿ ಸೋತಿರ್ತಾಳೆ.”

“ಚೆಂಡಿಗೂ ಪ್ರೊಸೆಸರಿಗೂ ಏನು ಸಂಬಂಧ?”

“ಅಪ್ಪ ಗಡಿಯಾರ ನೋಡಿ ಚೆಂಡು ಓಡಿಸಿಲ್ಲ. ‘ಸಾವಿರದ ತನಕ ಎಣಿಸು, ಆಮೇಲೆ ಒಂದು ಹೆಜ್ಜೆ ಇಡು’ ಅಂತ ಬರೆದಿದ್ದಾರೆ. ಹಳೇದು ನಿಧಾನಕ್ಕೆ ಎಣಿಸ್ತಿತ್ತು. ನೀನು ಹಾಕಿರೋದು ಕಣ್ಣು ಮಿಟುಕಿಸೋದರೊಳಗೆ ಮುಗಿಸಿಬಿಡುತ್ತೆ.”

ತಮ್ಮ ತಲೆ ಕೆರೆದುಕೊಂಡ. “ಅಮ್ಮ ಬೈದ್ಲಾ?”

“ಇಲ್ಲ. ‘ನಿಮ್ಮಪ್ಪ ದಾರೀಲಿ ಕೂಡ ನನ್ನ ಬಿಟ್ಟು ಮುಂದೆ ನಡೆದೋರಲ್ಲ, ಈಗ್ಯಾಕೆ ಇಷ್ಟು ಅವಸರ?’ ಅಂದ್ಲು.”

ದರ್ಜಿಯ ಕೈಯಲ್ಲಿದ್ದ ಚೀಲದ ದಾರ ಗಂಟಾಗಿತ್ತು. ಅವಳು ಅದನ್ನು ನೋಡಲೂ ಇಲ್ಲ.

ಒಳಗಿನಿಂದ ರಿಪೇರಿಯವನು ಕೂಗಿದ. ಇಬ್ಬರೂ ಕಂಪ್ಯೂಟರನ್ನು ಎತ್ತಿಕೊಂಡು ಎದ್ದರು. ತಮ್ಮ ಜೇಬಿನಿಂದ ಪುಟ್ಟ ಡಬ್ಬಿಯೊಂದನ್ನು ತೆಗೆದು, ಅದರಲ್ಲಿದ್ದ ಹಳೇ ಪ್ರೊಸೆಸರನ್ನು ತೋರಿಸಿದ.

“ಅಣ್ಣಾ, ಇದನ್ನೇ ವಾಪಸ್ ಹಾಕಿ, ಕಂಪ್ಯೂಟರನ್ನ ಮೊದಲಿನಷ್ಟೇ ನಿಧಾನ ಮಾಡಿಕೊಡಿ.”