ಸೋಮವಾರ ಒಂದೇ ದಿನ

ಬಂಟ್ವಾಳದ ಬಸ್‌ಸ್ಟ್ಯಾಂಡಿನಲ್ಲಿ ಮೂಡುಬಿದಿರೆಯ ಬಸ್ಸಿಗೆ ಕಾಯುತ್ತಿದ್ದ ವಾಗ್ದೇವಿ ಟೀಚರಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡಸು ರುಕ್ಮಯ, ಬೊಂಬಾಯಿಯಲ್ಲಿ ಟ್ಯಾಕ್ಸಿ ಓಡಿಸುವವನು, ರಜೆ ಮುಗಿಸಿ ನಾಳೆ ಹೊರಡುವವನು. ಹೆಂಗಸು ಅವನ ನೆರೆಮನೆಯ ಸರಸಕ್ಕ.

"ಫಾರಿನ್ನಿನವರಿಗೆ ಬೊಂಬಾಯಿ ತೋರಿಸ್ತೀಯಲ್ಲ, ಹಾಗೆಯೇ ನನ್ನ ಮಗಳಿಗೂ ತೋರಿಸಬೇಕು. ಸೋಮವಾರ ಒಂದೇ ದಿನದಲ್ಲಿ, ಎಲ್ಲವನ್ನೂ."

"ಅವಸರ ಯಾಕೆ ಸರಸಕ್ಕ? ಮಂಗಳವಾರ ಅವಳನ್ನು ಅಲ್ಲಿಯ ಆಸ್ಪತ್ರೆಗೆ ಸೇರಿಸ್ಲಿಕ್ಕುಂಟಲ್ಲ. ಹೃದಯದ ಆಪರೇಷನ್ ಆಗಲಿ, ಆಮೇಲೆ ಪುರುಸೊತ್ತಿನಲ್ಲಿ ತೋರಿಸ್ತೇನೆ."

ಸರಸಕ್ಕ ಸೆರಗಿನ ತುದಿಯನ್ನು ಹಿಂಡತೊಡಗಿದಳು.

"ಆಮೇಲೆ ಅಂತ ಹೇಳ್ಬೇಡ ಮಾರಾಯ. ಡಾಕ್ಟ್ರು ನನ್ನನ್ನೊಬ್ಬಳನ್ನೇ ಒಳಗೆ ಕರೆದು ಹೇಳಿದ್ದಾರೆ."

ರುಕ್ಮಯ ಅವಳ ಕಡೆಗೆ ತಿರುಗಿ ಕೂತ.

"ಅವಳಿಗೆ ನಡೀಲಿಕ್ಕೆ ಆಗ್ತದಾ?"

"ನಾಲ್ಕು ಹೆಜ್ಜೆಗೇ ತುಟಿ ನೀಲಿಯಾಗ್ತದೆ."

"ಹಾಗಾದರೆ ಕಾರಿನಲ್ಲೇ ಕೂತು ನೋಡಲಿ. ಗೇಟ್‌ವೇ, ಎರಡು ಮಾಳಿಗೆಯ ಬಸ್ಸು, ದೊಡ್ಡ ದೊಡ್ಡ ಹಡಗು. ರಾಣಿಬಾಗಿನ ಝೂನಲ್ಲಿ ಆನೆ ಹತ್ತಿರ ನಾನೇ ಎತ್ತಿಕೊಂಡು ಹೋಗ್ತೇನೆ. ಚೌಪಾಟಿಯ ಸಮುದ್ರದಂಡೆ ಒಂದನ್ನು ಬಿಡುವ ಅಕ್ಕ. ಅದು ಗುಣ ಆದ ಮೇಲೆ ಅಂತ ಅವಳಿಗೆ ಹೇಳುವ. ಮಗುವಿಗೆ ಒಂದು ಆಸೆ ಇರಲಿ."

ಅಷ್ಟರಲ್ಲಿ ಬೆಳ್ತಂಗಡಿಯ ಬಸ್ಸು ಬಂತು. ಸರಸಕ್ಕ ಓಡಿಹೋಗಿ ಹತ್ತಿದವಳು ಮೆಟ್ಟಿಲ ಮೇಲೆಯೇ ತಿರುಗಿ ನಿಂತಳು.

"ಚೌಪಾಟಿಯನ್ನೂ ಸೋಮವಾರವೇ ತೋರಿಸು ತಮ್ಮ. ಉಳಿಸಿಡುವಷ್ಟು ಧೈರ್ಯ ನನಗಿಲ್ಲ."

ಕಂಡಕ್ಟರ್ ಸೀಟಿ ಊದಿದ. "ಆಯ್ತಕ್ಕ" ಎಂದು ರುಕ್ಮಯ ಹೇಳುವಾಗ ಬಸ್ಸು ಹೊರಟಾಗಿತ್ತು. ಅದು ಕೇಳಿಸಿದ್ದು ವಾಗ್ದೇವಿಗೆ ಮಾತ್ರ.